ಸೀಗಿ ಹುಣ್ಣಿಮೆಗೆ ನಡೆದು ಹೊರಟವರು ಕೇಳಿದ್ದು

ಸೀಗಿ ಹುಣ್ಣಿಮೆ ಹತ್ತಿರ ಬಂತು. ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟೆ, ಮಂದ್ರೂಪ, ಜತ್ತ ಕಡೆಯ ನಮ್ಮ ಕನ್ನಡದ ಜನ ತುಳಜಾಪುರದ ಅಂಬಾಭವಾನಿಗೆ ನಡೆದು ಹೊರಡುವ ಹೊತ್ತು. ಅದು ಮುಗಿಯಿತು ಅನ್ನುವಾಗ ಕಾರ್ತಿಕ ಏಕಾದಶಿಗೆ ಪಂಢರಪುರದ ವಾರಿ, ಅಂದರೆ ವಿಠ್ಠಲನಿಗೆ ಕಾಲ್ನಡಿಗೆಯ ಯಾತ್ರೆ, ಆಮೇಲೆ ಯುಗಾದಿಗೆ ಮುಂಚೆ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ. ಈ ಸಲ ಬಂದ ಪತ್ರಗಳಲ್ಲಿ ಹರಕೆ, ಪೂಜೆಯ ಪ್ರಶ್ನೆಗಿಂತ ರಸ್ತೆಯ ಪ್ರಶ್ನೆಯೇ ಜಾಸ್ತಿ ಇದ್ದವು. ಒಳ್ಳೆಯದೇ ಆಯಿತು. ಒಂದೇ ತರಹದ ಪತ್ರಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ, ದಯವಿಟ್ಟು ಪೂರ್ತಿ ಓದಿ.

ಪ್ರಶ್ನೆ: ನಾವು ಅಕ್ಕಲಕೋಟೆ ತಾಲ್ಲೂಕಿನವರು. ಹತ್ತು ಹನ್ನೆರಡು ಮಂದಿ ಸೋಲಾಪುರದ ಮೇಲೆ ಹಾದು ತುಳಜಾಪುರಕ್ಕೆ ಹೋಗುತ್ತೇವೆ. ಗಾಡಿ ಹೋಗುವುದು ಎಡಕ್ಕೆ, ನಾವೂ ಎಡಕ್ಕೇ ನಡೀಬೇಕು ಅಂತ ನಮ್ಮ ಹಿರಿಯರ ಮಾತು. ಪೊಲೀಸರು ಬಲಕ್ಕೆ ನಡೀರಿ ಅಂತಾರೆ. ಯಾವುದು ಖರೆ?

ಉತ್ತರ: ನಿಮ್ಮಷ್ಟು ಸಣ್ಣ ಗುಂಪಿಗೆ ಬಲಗಡೆಯೇ ಸರಿ. ಬಲಕ್ಕೆ ನಡೆದರೆ ಹತ್ತಿರದ ಗಾಡಿ ಎದುರಿನಿಂದ ಬರುತ್ತದೆ, ಕಣ್ಣಿಗೆ ಬೀಳುತ್ತದೆ. ಅದು ಸ್ವಲ್ಪ ಓಲಾಡಿದರೂ ಪಕ್ಕಕ್ಕೆ ಹಾರಿಕೊಳ್ಳಲು ಒಂದೆರಡು ಸೆಕೆಂಡ್ ಸಿಗುತ್ತದೆ. ಎಡಕ್ಕೆ ನಡೆದರೆ ಗಾಡಿ ಬೆನ್ನ ಹಿಂದೆ. ತಾಳದ ಸದ್ದಿನಲ್ಲಿ, 'ಆಯಿ ರಾಜಾ ಉದೋ ಉದೋ' ಅನ್ನುವ ಕೂಗಿನಲ್ಲಿ ಅದು ಬಂದದ್ದು ಕೇಳಿಸುವುದೂ ಇಲ್ಲ.

ಆದರೆ ಅಕ್ಕಲಕೋಟೆ–ಸೋಲಾಪುರ ರಸ್ತೆ ಈಗ ನಾಲ್ಕು ಲೇನಿನದು, ನಡುವೆ ಡಿವೈಡರ್ ಇದೆ. ಇಂಥಲ್ಲಿ ಬಲಗಡೆ ಅಂದರೆ ಡಿವೈಡರ್ ಪಕ್ಕ ಅಂತ ತಿಳಿದುಕೊಂಡು ನಡೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅತಿ ಜೋರಾಗಿ ಹೋಗುವ ಕಾರುಗಳು ಓಡುವುದು ಆ ಲೇನಿನಲ್ಲೇ, ತಪ್ಪಿಸಿಕೊಳ್ಳೋಣ ಅಂದರೆ ಅಲ್ಲಿ ಕಾಲಿಡುವಷ್ಟೂ ಜಾಗ ಇರುವುದಿಲ್ಲ. ಎದುರು ಗಾಡಿಗಳ ರಸ್ತೆಯನ್ನೂ ದಾಟಿ ಅದರ ಹೊರ ಅಂಚಿಗೆ, ಹೊಲದ ಬದಿಗೆ ಹೋಗಬೇಕು. ದಾಟುವುದನ್ನು ಊರೊಳಗೆ, ಬೆಳಕಿರುವ ಕ್ರಾಸಿನಲ್ಲಿ, ಎಲ್ಲರೂ ಸೇರಿ ಒಮ್ಮೆ ಮಾಡಿ. ಆಮೇಲೆ ಚಹಾದಂಗಡಿ ಕಂಡಿತು ಅಂತ ಒಬ್ಬೊಬ್ಬರೇ ಆಚೆ ಈಚೆ ಓಡಾಡಬೇಡಿ. ಸರ್ವಿಸ್ ರಸ್ತೆ ಇದ್ದ ಕಡೆ ಅದರಲ್ಲೇ ನಡೆಯಿರಿ, ಅರ್ಧ ಕಿಲೋಮೀಟರ್ ಸುತ್ತಾದರೂ ಸರಿ.

ಡಿವೈಡರ್ ಇಲ್ಲದ ರಸ್ತೆಯಲ್ಲಿ ಬಲಕ್ಕೆ ತಿರುಗುವ ಕುರುಡು ತಿರುವು ಬಂದರೆ ಮಾತ್ರ ಲೆಕ್ಕ ಬೇರೆ. ತಿರುವಿನ ಒಳ ಅಂಚಿನಲ್ಲಿ ಇರುವ ನೀವು ಎದುರಿನ ಡ್ರೈವರನಿಗೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ತಿರುವಿಗೆ ಸಾಕಷ್ಟು ಮುಂಚೆಯೇ ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ ಬನ್ನಿ.

ನಿಮ್ಮ ಹಿರಿಯರ ಮಾತೂ ಸುಳ್ಳಲ್ಲ. ಅವರು ನೋಡಿರುವುದು ದೊಡ್ಡ ದಿಂಡಿಗಳನ್ನು, ಅಂದರೆ ಭಜನೆ ಮಾಡುತ್ತಾ ಒಟ್ಟಾಗಿ ನಡೆಯುವ ಯಾತ್ರಿಕರ ಗುಂಪುಗಳನ್ನು. ಐವತ್ತು ನೂರು ಮಂದಿ, ಪಾಲಕಿ, ಹಿಂದೆ ಸಾಮಾನಿನ ಟ್ರ್ಯಾಕ್ಟರ್ ಇದ್ದರೆ ಎಡಕ್ಕೇ ಹೋಗಬೇಕಾಗುತ್ತದೆ, ಯಾಕಂದರೆ ಟ್ರ್ಯಾಕ್ಟರನ್ನು ರಾಂಗ್ ಸೈಡಿನಲ್ಲಿ ಓಡಿಸುವಂತಿಲ್ಲ. ಆಗ ಇಡೀ ಗುಂಪಿನ ಜೀವ ಇರುವುದು ಬಾಲದಲ್ಲಿ. ಎಲ್ಲರಿಗಿಂತ ಹಿಂದೆ, ಗುಂಪಿನಿಂದ ದೂರ ಬಿಟ್ಟು, ರೇಡಿಯಂ ಜಾಕೆಟ್ ಹಾಕಿದ ಇಬ್ಬರು ಗಟ್ಟಿಗರು ಇರಬೇಕು. ಕೈಯಲ್ಲಿ ಕೆಂಪು ದೀಪ ಇರಬೇಕು. ಮುದುಕರನ್ನು, ದಣಿದವರನ್ನು ಬಾಲಕ್ಕೆ ಬಿಟ್ಟು ಹುಡುಗರು ಪತಾಕೆ ಹಿಡಿದು ಮುಂದೆ ಓಡುವುದು ಎಲ್ಲ ಕಡೆ ನಡೆಯುತ್ತದೆ. ಅದನ್ನು ತಿರುಗಿಸಿ. ನಿಧಾನದವರು ಮುಂದೆ, ಹುಡುಗರು ಹಿಂದೆ. 2022ರ ಅಕ್ಟೋಬರ್ 31ರ ಸಂಜೆ ಸಾಂಗೋಲೆ ತಾಲ್ಲೂಕಿನ ಜುನೋನಿ ಹತ್ತಿರ ಕಾರ್ತಿಕ ವಾರಿಗೆ ಹೊರಟಿದ್ದ ದಿಂಡಿಯ ಮೇಲೆ ಕಾರು ನುಗ್ಗಿ ಕೊಲ್ಹಾಪುರ ಜಿಲ್ಲೆಯ 7 ವಾರಕರಿಗಳು ತೀರಿಕೊಂಡರು. ನಡುರಾತ್ರಿಯಲ್ಲ, ಆಗಷ್ಟೇ ಕತ್ತಲಾಗುತ್ತಿದ್ದ ಹೊತ್ತು. ಆ ಮುಸ್ಸಂಜೆಯ ಒಂದು ತಾಸು ಕೂತು ಭಜನೆ ಮಾಡಿ, ಚಹಾ ಕುಡಿಯಿರಿ, ಆಮೇಲೆ ನಡೆಯಿರಿ ಅಂತ ಎಲ್ಲ ದಿಂಡಿಯವರಿಗೂ ಕೈಮುಗಿದು ಹೇಳುತ್ತೇನೆ.

ಪ್ರಶ್ನೆ: ಜತ್ತ ತಾಲ್ಲೂಕಿನ ಹುಡುಗರು ನಾವು. ಬಿಸಿಲು ತಪ್ಪಿಸಲು ರಾತ್ರಿಯೇ ನಡೆಯುತ್ತೇವೆ. ಹುಣ್ಣಿಮೆ ಬೆಳದಿಂಗಳು ಹಾಲು ಚೆಲ್ಲಿದ ಹಾಗೆ ಇರುತ್ತೆ, ಎಲ್ಲರ ಹೆಗಲ ಮೇಲೂ ಕೇಸರಿ ಶಾಲು ಇರುತ್ತೆ, ಮೊಬೈಲ್ ಟಾರ್ಚೂ ಇದೆ. ಇಷ್ಟು ಸಾಲದೇ?

ಉತ್ತರ: ಸಾಲದು ತಮ್ಮಾ. ಈ ಸಲದ ಪತ್ರಗಳಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮದೇ.

ರಾತ್ರಿ ನಡೆಯುವ ಎಲ್ಲರ ತಲೆಯಲ್ಲೂ ಒಂದು ಲೆಕ್ಕ ಇರುತ್ತದೆ: ನನಗೆ ಆ ಲಾರಿ ಒಂದು ಕಿಲೋಮೀಟರ್ ದೂರದಿಂದ ಕಾಣುತ್ತಿದೆ, ಅಂದಮೇಲೆ ಅವನಿಗೂ ನಾನು ಕಾಣುತ್ತಿದ್ದೇನೆ. ಈ ಲೆಕ್ಕ ತಪ್ಪು. ನಿಮಗೆ ಕಾಣುವುದು ಅವನ ಹೆಡ್‌ಲೈಟ್. ನಿಮ್ಮ ಹತ್ತಿರ ಹೆಡ್‌ಲೈಟ್ ಇಲ್ಲ. ಡಿಪ್ಪರ್ (ತಗ್ಗಿಸಿದ ಬೆಳಕು) ಹಾಕಿಕೊಂಡು ಬರುವ ಡ್ರೈವರನಿಗೆ ಕಪ್ಪು ಪ್ಯಾಂಟ್, ಮಾಸಿದ ಶಾಲಿನ ಮನುಷ್ಯ ಕಾಣುವುದು ಸುಮಾರು 30 ಮೀಟರ್ ಹತ್ತಿರ ಬಂದಾಗ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಂದರೆ ಅವನು ನೋಡಿ, ಇದು ಮನುಷ್ಯ ಅಂತ ತಿಳಿದು, ಬ್ರೇಕಿನ ಮೇಲೆ ಕಾಲಿಡುವುದರೊಳಗೆ ಆ 30 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿದು ಗಾಡಿ ನಿಲ್ಲುವ ಮಾತು ಇನ್ನೂ ಮುಂದಿನದು. ಎದುರಿನಿಂದ ಇನ್ನೊಂದು ಗಾಡಿ ಅಪ್ಪರ್ (ನೇರಕ್ಕೆ ಎತ್ತಿದ ಬೆಳಕು) ಹಾಕಿಕೊಂಡು ಬಂದರಂತೂ ಅವನಿಗೆ ಆ 30 ಮೀಟರೂ ಸಿಗುವುದಿಲ್ಲ, ಕಣ್ಣು ಕೋರೈಸಿ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ.

ಬೆಳದಿಂಗಳು ನಿಮಗೆ ದಾರಿ ತೋರಿಸುತ್ತದೆ, ಅಷ್ಟೇ. ಹೆಡ್‌ಲೈಟಿನ ಬೆಳಕಿಗೆ ಹೊಂದಿಕೊಂಡ ಡ್ರೈವರನ ಕಣ್ಣಿಗೆ ಬೆಳದಿಂಗಳು ಇದ್ದೂ ಇಲ್ಲದ ಹಾಗೆ. ಸುಮ್ನೆ ಧೈರ್ಯ ಕೊಟ್ಟು ನಿಮ್ಮನ್ನು ರಸ್ತೆ ನಡುವಿಗೆ ಕರೆದು ತರುವುದೂ ಅದೇ ಬೆಳದಿಂಗಳು. ಕೇಸರಿ ಬಣ್ಣ ಹಗಲಿಗೆ ಚೆಂದ, ದೂರಕ್ಕೆ ಕಾಣುತ್ತದೆ. ರಾತ್ರಿ ಅದು ಮಣ್ಣಿನ ಬಣ್ಣವೇ. ಕೆಲವರು ಅಂಗಡಿಯಲ್ಲಿ ಮಿಂಚುವ ಗಿಳಿಹಸಿರು ಬನಿಯನ್ ತಂದು ಹಾಕಿಕೊಳ್ಳುತ್ತಾರೆ. ಆ ಮಿಂಚು ಸೂರ್ಯನ ಬೆಳಕಿಗೆ ಮಾತ್ರ. ರಾತ್ರಿಗೆ ಬೇಕಾದ್ದು ರೇಡಿಯಂ, ಬಂದ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುವ ಪಟ್ಟಿ. ಗಾಡಿಗಳ ಹಿಂದೆ ಅಂಟಿಸುತ್ತಾರಲ್ಲ, ಅದೇ ಸಾಮಾನು. ಅದು 150 ಮೀಟರಿಗಿಂತ ದೂರದಿಂದಲೇ ಹೊಳೆಯುತ್ತದೆ. ಡ್ರೈವರನಿಗೆ ಒಂದೂವರೆ ಸೆಕೆಂಡಿನ ಬದಲು ಆರೇಳು ಸೆಕೆಂಡ್ ಸಿಗುತ್ತದೆ.

ಎಲ್ಲಿ ಕಟ್ಟಬೇಕು ಅನ್ನುವುದೂ ಮುಖ್ಯ. ಬೆನ್ನ ಮೇಲೆ ಅಂಟಿಸಿದರೆ ಚೀಲ, ಶಾಲು ಅದನ್ನು ಮುಚ್ಚಿಬಿಡುತ್ತವೆ. ಪಾದದ ಮೇಲಿನ ಕಾಲಿನ ಗಂಟಿಗೆ ಕಟ್ಟಿ, ಎರಡೂ ಕಾಲಿಗೆ. ಮುಂಗೈಗೂ ಒಂದು. ನಡೆಯುವಾಗ ಕಾಲು ಮೇಲೆ ಕೆಳಗೆ ಆಡುತ್ತದೆ, ಹೊಳಪೂ ಆಡುತ್ತದೆ. ದೂರದಿಂದಲೇ ಇದು ನಡೆಯುತ್ತಿರುವ ಮನುಷ್ಯ ಅಂತ ಗೊತ್ತಾಗುತ್ತದೆ. ಸುಮ್ಮನೆ ನಿಂತ ಹೊಳಪು ಕಂಡರೆ ರಸ್ತೆ ಬದಿಯ ಕಲ್ಲೋ ಕಂಬವೋ ಅಂದುಕೊಂಡು ಅದೇ ವೇಗದಲ್ಲಿ ಬಂದುಬಿಡಬಹುದು. ಇನ್ನೊಂದು ಅನುಕೂಲ, ಡಿಪ್ಪರ್ ಬೆಳಕು ಕೆಳಗೇ ಬೀಳುತ್ತದೆ, ಮುಖದ ಎತ್ತರಕ್ಕೆ ಅಷ್ಟು ಬರುವುದಿಲ್ಲ. ಅಂಟುವ ರೇಡಿಯಂ ಪಟ್ಟಿಯನ್ನು ಹಳೆಯ ಬಟ್ಟೆಯ ಲಾಡಿಗೆ ಅಂಟಿಸಿ ನಾಲ್ಕು ಹೊಲಿಗೆ ಹಾಕಿದರೆ ಕಾಲಿಗೆ ಕಟ್ಟುವ ಪಟ್ಟಿ ತಯಾರು. ಮನೆಯಲ್ಲಿ ಒಂದು ಸಂಜೆಯ ಕೆಲಸ.

ನಂಬಿಕೆ ಬರದಿದ್ದರೆ ಹೊರಡುವ ಮುಂಚೆ ಊರ ಹೊರಗಿನ ಖಾಲಿ ರಸ್ತೆಯಲ್ಲಿ ಹೀಗೆ ಮಾಡಿ. ಒಬ್ಬ ಬೈಕ್ ನಿಲ್ಲಿಸಿ ಡಿಪ್ಪರ್ ಹಾಕಿ ಕೂರಲಿ. ಇಬ್ಬರು, ಒಬ್ಬ ಶಾಲಿನಲ್ಲಿ, ಒಬ್ಬ ಕಾಲಿಗೆ ರೇಡಿಯಂ ಕಟ್ಟಿಕೊಂಡು, ಬೈಕಿಗೆ ಬೆನ್ನು ಮಾಡಿ ನಡೆಯುತ್ತಾ ಹೋಗಲಿ. ಶಾಲಿನವನು ಮೊದಲು ಬೂದುಬಣ್ಣದ ನೆರಳಾಗುತ್ತಾನೆ, ಹತ್ತು ಹೆಜ್ಜೆಗೆ ಆ ನೆರಳೂ ಹೊಲದ ಕತ್ತಲೆಯಲ್ಲಿ ಸೇರಿಹೋಗುತ್ತದೆ, ಮಾತು ಕೇಳಿಸುತ್ತದೆ, ಆಳು ಕಾಣುವುದಿಲ್ಲ. ಪಕ್ಕದಲ್ಲೇ ಎರಡು ಬಿಳಿ ಪಟ್ಟಿ ಮಾತ್ರ ಒಂದಾದ ಮೇಲೆ ಒಂದು ಎದ್ದು ಬಿದ್ದು ಹೋಗುತ್ತಲೇ ಇರುತ್ತವೆ. ಗುಂಪಿನ ಎಲ್ಲರೂ ಸರದಿಯಲ್ಲಿ ಬೈಕಿನ ಮೇಲೆ ಕೂತು ನೋಡಲಿ. ನಾನು ಬರೆದ ಇಷ್ಟೂ ಮಾತಿಗಿಂತ ಆ ಐದು ನಿಮಿಷ ದೊಡ್ಡದು.

ಮೊಬೈಲ್ ಟಾರ್ಚ್ ನಿಮ್ಮ ಕಾಲ ಮುಂದಿನ ತಗ್ಗು ನೋಡಲು ಇರಲಿ. ಡ್ರೈವರನ ಕಣ್ಣಿಗೆ ಹಿಡಿಯಬೇಡಿ, ಕಣ್ಣು ಕತ್ತಲಾದರೆ ಅವನು ಬರುವುದು ನಿಮ್ಮ ಮೇಲೆಯೇ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ಇನ್ನೊಂದು ವಿಷಯ. ಹುಣ್ಣಿಮೆಯ ಆಸುಪಾಸು ಸೋಲಾಪುರ–ತುಳಜಾಪುರ ರಸ್ತೆಯ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಆ ಸುಮಾರು 45 ಕಿ.ಮೀ. ದಾರಿಯಲ್ಲಿ ಜನವೋ ಜನ, ಉಚಿತ ಚಹಾ, ಫರಾಳ (ತಿಂಡಿ), ಪೊಲೀಸರು, ಎಲ್ಲ ಇರುತ್ತದೆ. ಆದರೆ ನೀವು ಜತ್ತದಿಂದ ಸೋಲಾಪುರ ಮುಟ್ಟುವವರೆಗಿನ ರಸ್ತೆಗಳನ್ನು ಯಾರೂ ಬಂದ್ ಮಾಡುವುದಿಲ್ಲ, ಅಲ್ಲಿ ನಿಮ್ಮದು ಒಂದೇ ಗುಂಪು ಇರುತ್ತದೆ, ಲಾರಿಗಳು ಎಂದಿನ ಹಾಗೇ ಓಡುತ್ತಿರುತ್ತವೆ. ತುಳಜಾಪುರದ ರಸ್ತೆಯ ಧೈರ್ಯವನ್ನು ಆ ದಾರಿಗೆ ಒಯ್ಯಬೇಡಿ. ಆ ಭಾಗವನ್ನು ಬೆಳಗಿನ ಜಾವ ಬೆಳಕು ಹರಿದ ಮೇಲೆ ಮತ್ತು ಇಳಿಹೊತ್ತಿಗೆ ನಡೆಯುವಂತೆ ದಿನ ಜೋಡಿಸಿಕೊಳ್ಳಿ, ರಾತ್ರಿ ನಡಿಗೆಯನ್ನು ಸೋಲಾಪುರ ದಾಟಿದ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಅತ್ತೆಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಬರಿಗಾಲಲ್ಲಿ ತುಳಜಾಪುರಕ್ಕೆ ಬರುತ್ತೇನೆ ಅಂತ ಆಯಿಗೆ ಹರಕೆ ಹೊತ್ತಿದ್ದಾರೆ. ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಹೇಗೆ ಹೇಳಲಿ? (ಮಂದ್ರೂಪದ ಓದುಗರು)

ಉತ್ತರ: ಬೇಡ ಅನ್ನಬೇಡಿ ತಂಗಿ. ಹರಕೆಯನ್ನು ಸ್ವಲ್ಪ ಹಂಚಿಕೊಳ್ಳಲು ಹೇಳಿ. "ಅತ್ತೀ, ಹೈವೇ ಪೂರಾ ಚಪ್ಪಲಿ ಹಾಕ್ಕೊಂಡು ನಡೀರಿ, ತುಳಜಾಪುರದ ಊರು ಬಂದ ಮ್ಯಾಲೆ ಬಿಟ್ಟು ಬರಿಗಾಲಲ್ಲಿ ಗುಡಿಗೆ ಹೋಗೂಣು" ಅಂತ ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಹಿರಿಯರು ಇದಕ್ಕೆ ಒಪ್ಪುತ್ತಾರೆ.

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶ ಕಡಿಮೆ ಆಗಿರುತ್ತದೆ. ಮುಳ್ಳು ಚುಚ್ಚಿದ್ದು, ಗುಳ್ಳೆ ಎದ್ದದ್ದು ಗೊತ್ತೇ ಆಗುವುದಿಲ್ಲ, ಗೊತ್ತಾಗುವಾಗ ಕೀವು ಆಗಿರುತ್ತದೆ. ಹೊರಡುವ ಮುಂಚೆ ಡಾಕ್ಟರಿಗೆ ಪಾದ ತೋರಿಸಿ, ಮಾತ್ರೆ ಅಥವಾ ಇನ್ಸುಲಿನ್ ಆ ದಿನಗಳಲ್ಲಿ ಹೇಗೆ ಅಂತ ಕೇಳಿಕೊಳ್ಳಿ. ದಾರಿಯಲ್ಲಿ ನಿಂತಾಗಲೆಲ್ಲ ಅವರ ಅಂಗಾಲನ್ನು ನೀವೇ ನೋಡಿ. ಹೊಸ ಚಪ್ಪಲಿ ಕೊಡಿಸಬೇಡಿ, ಪಳಗಿದ್ದೇ ಇರಲಿ. ಉಪವಾಸ ಮಾಡಿ ನಡೆಯುವುದು ಅವರಿಗೆ ಬೇಡ. ಬೆವರಿ, ಕೈ ನಡುಗಿ, ಮಾತು ತೊದಲಿದರೆ ಸಕ್ಕರೆ ಇಳಿದಿರಬಹುದು, ಕೂರಿಸಿ ಬೆಲ್ಲವನ್ನೋ ಸಕ್ಕರೆ ನೀರನ್ನೋ ಕೊಡಿ.

ಬರಿಗಾಲಿಗೂ ಅಪಘಾತಕ್ಕೂ ನೇರ ನಂಟಿದೆ, ಇದನ್ನು ಯಾರೂ ಹೇಳುವುದಿಲ್ಲ. ಡಾಂಬರಿನ ಅಂಚಿನಾಚೆ ಇರುವುದು ಖಡಿ, ಜಾಲಿ ಮುಳ್ಳು, ಒಡೆದ ಬಾಟಲಿ ಚೂರು. ಚಪ್ಪಲಿ ಹಾಕಿದವರು ಅದರ ಮೇಲೆ ನಡೆಯುತ್ತಾರೆ. ಬರಿಗಾಲಿನವರಿಗೆ ಆಗುವುದಿಲ್ಲ. ಅವರ ಪಾದ ತಾನಾಗಿ ನುಣ್ಣಗಿನ ಜಾಗ ಹುಡುಕುತ್ತದೆ, ಬಿಳಿ ಗೆರೆಯ ಮೇಲೆ ಬರುತ್ತದೆ, ದಣಿದಂತೆಲ್ಲ ಗೆರೆಯ ಒಳಗೂ ಬರುತ್ತದೆ. ಗಾಡಿ ಬಂದಾಗ ಪಕ್ಕಕ್ಕೆ ಇಳಿಯಲು ಮುಳ್ಳಿನ ಹೆದರಿಕೆ ಬೇರೆ. ನಿಮ್ಮ ಅತ್ತೆ ಹಟ ಹಿಡಿದು ಬರಿಗಾಲಲ್ಲೇ ಹೊರಟರೆ ನೀವು ಅವರ ರಸ್ತೆ ಕಡೆಯ ಬದಿಗೆ ಇರಿ, ತೋಳು ಹಿಡಿದು ನಡೆಯಿರಿ.

ಪ್ರಶ್ನೆ: ನಾನು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತೇನೆ. ಕಾರ್ತಿಕ ವಾರಿಯ ಹೊತ್ತಿಗೆ ಫ್ಯಾಕ್ಟರಿ ಶುರುವಾಗಿರುತ್ತೆ, ಎರಡು ಟ್ರೇಲರ್ ಹಿಂದೆ ಇರುತ್ತೆ. ನಡೆಯುವವರು ರಸ್ತೆ ತುಂಬ ಹರಡಿಕೊಂಡು ಹೋಗ್ತಾರೆ, ಹಾರ್ನ್ ಹೊಡೆದರೆ ಸಿಟ್ಟಾಗ್ತಾರೆ. ಏನಾದರೂ ಆದರೆ ಹೊಡೆತ ನಮಗೆ. ಅವರಿಗೂ ಸ್ವಲ್ಪ ಹೇಳಿ.

ಉತ್ತರ: ನಿಮ್ಮ ಪತ್ರ ಬಂದದ್ದು ಬಹಳ ಒಳ್ಳೆಯದಾಯಿತು ಅಣ್ಣಾ. ನಡೆಯುವವರೇ, ಇದನ್ನು ಓದಿ. ತುಂಬಿದ ಎರಡು ಟ್ರೇಲರ್ ಹೇಳಿದ ಕೂಡಲೇ ನಿಲ್ಲುವುದಿಲ್ಲ. ಹಿಂದಿನ ಟ್ರೇಲರ್ ತಗ್ಗಿಗೆ ಬಿದ್ದರೆ ಬಾಲ ಆಡಿಸಿದ ಹಾಗೆ ಅಂಚಿಗೆ ಬರುತ್ತದೆ, ಹೊರಗೆ ಚಾಚಿದ ಕಬ್ಬು ಮುಖಕ್ಕೆ ಬಡಿಯುತ್ತದೆ. ಮುಂದಿನ ಎಂಜಿನ್ ದಾಟಿತು ಅಂತ ರಸ್ತೆಗೆ ಕಾಲಿಡಬೇಡಿ, ಎರಡನೇ ಟ್ರೇಲರೂ ದಾಟಲಿ. ಅದಕ್ಕೆ ಜೋತುಬಿದ್ದು ಹತ್ತುವುದು, ಕಬ್ಬು ಎಳೆಯುವುದು ಮಕ್ಕಳಿಂದ ಹಿಡಿದು ದೊಡ್ಡವರವರೆಗೆ ನಡೆಯುತ್ತದೆ, ಚಕ್ರಕ್ಕೆ ಸಿಕ್ಕರೆ ಉಳಿಯುವ ಮಾತಿಲ್ಲ. ರಾತ್ರಿ ರಸ್ತೆ ಬದಿಗೆ ನಿಂತ ಲಾರಿ, ಟ್ರೇಲರುಗಳ ಕೆಳಗೆ, ಹಿಂದೆ ಮಲಗಲೇಬೇಡಿ. ಡಾಬಾದ ಅಂಗಳದಲ್ಲೂ ಅಷ್ಟೇ, ರಿವರ್ಸ್ ತೆಗೆಯುವವನಿಗೆ ನೆಲದ ಮೇಲೆ ಮಲಗಿದವರು ಕಾಣುವುದಿಲ್ಲ. ಗುಡಿ, ಶಾಲೆ, ಕಲ್ಯಾಣ ಮಂಟಪ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ನಿಮಗೂ ಎರಡು ಮಾತು ಅಣ್ಣಾ. ಟ್ರೇಲರಿನ ಹಿಂದೆ ದೀಪ ಇಲ್ಲದೆ, ರೇಡಿಯಂ ಮಣ್ಣು ಮುಚ್ಚಿಕೊಂಡು ಓಡುವ ಟ್ರ್ಯಾಕ್ಟರ್ ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ? ಅಂಥದ್ದನ್ನು ಕೊನೇ ಗಳಿಗೆಯಲ್ಲಿ ಕಂಡ ಕಾರಿನವನು ಸ್ಟಿಯರಿಂಗ್ ಎಳೆಯುವುದು ನಡೆಯುವವರ ಕಡೆಗೇ. ಫ್ಯಾಕ್ಟರಿ ಗೇಟಿನಲ್ಲಿ ಸರದಿ ಕಾಯುವಾಗ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಟ್ರ್ಯಾಕ್ಟರಿನ ಡೆಕ್‌ನಲ್ಲಿ (ದೊಡ್ಡ ಸ್ಪೀಕರಿನಲ್ಲಿ) ಜಾತ್ರೆಯ ಹಾಡು ಹಾಕಿಕೊಂಡು ಓಡಿಸಿದರೆ ಹಿಂದಿನವರ ಕೂಗು ನಿಮಗೆ ಕೇಳಿಸುವುದಿಲ್ಲ, ಆ ನಾಲ್ಕು ದಿನ ಅದನ್ನು ಬಂದ್ ಇಡಿ.

ಪ್ರಶ್ನೆ: ಶ್ರೀಶೈಲಕ್ಕೆ ಯುಗಾದಿ ಮುಂಚೆ ನಡೆದು ಹೋಗುತ್ತೇವೆ. ಬಿಸಿಲಿಗೆ ಏನು ಮಾಡಬೇಕು? (ಆದೋನಿ)

ಉತ್ತರ: ನಸುಕಿಗೆ ಹೊರಟು ಹತ್ತರೊಳಗೆ ನೆರಳು ಸೇರಿ, ನಾಲ್ಕರ ಮೇಲೆ ಮತ್ತೆ ಹೊರಡಿ. ಬರೀ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಇದನ್ನು ಗುಟುಕು ಗುಟುಕಾಗಿ ಕುಡಿಯಿರಿ. ಯಾರಾದರೂ ಏನೇನೋ ಮಾತಾಡತೊಡಗಿದರೆ, ಮೈ ಕಾದು ತೂರಾಡಿದರೆ ಅದು ಸುಸ್ತಲ್ಲ, ಬಿಸಿಲು ಬಡಿದದ್ದು. ನೆರಳಿಗೆ ಒಯ್ದು ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ, ಕೂಡಲೇ 108ಕ್ಕೆ ಫೋನ್ ಮಾಡಿ. ಬಿಸಿಲಿಗೆ ತೂಕಡಿಸುತ್ತಾ ನಡೆಯುವವರು ರಸ್ತೆ ಒಳಗೆ ವಾಲುತ್ತಾರೆ, ಅಂಥವರ ಕೈ ಹಿಡಿದುಕೊಳ್ಳಿ.

ಪ್ರಶ್ನೆ: ಹೋದ ವರ್ಷ ದಾರಿಯಲ್ಲಿ ನಮ್ಮ ಕಣ್ಣೆದುರೇ ಒಬ್ಬ ಯಾತ್ರಿಕನಿಗೆ ಗಾಡಿ ಬಡಿದು ಹೋಯಿತು. ಪೊಲೀಸ್ ಕೇಸ್ ಆಗುತ್ತೆ ಅಂತ ಯಾರೂ ಮುಟ್ಟಲಿಲ್ಲ. ನಮಗೆ ಮರಾಠಿಯೂ ಅಷ್ಟಾಗಿ ಬರಲ್ಲ. ಇಂಥ ಹೊತ್ತಲ್ಲಿ ಏನು ಮಾಡಬೇಕು?

ಉತ್ತರ: ಸಹಾಯ ಮಾಡಿದವರ ಮೇಲೆ ಕೇಸ್ ಆಗುವುದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಇರುವುದೇ ಇದಕ್ಕೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಬರುವುದಿಲ್ಲ. ಹೆಸರು ಹೇಳಲೇಬೇಕು ಅಂತ ಒತ್ತಾಯವೂ ಇಲ್ಲ. ಇದನ್ನು ಗುಂಪಿನ ಎಲ್ಲರಿಗೂ ಹೊರಡುವ ಮುಂಚೆ ಓದಿ ಹೇಳಿ.

ಬಡಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಎರಡನೇ ಗಾಡಿಯನ್ನು ತಡೆಯುವುದು. ಎಲ್ಲರೂ ಬಿದ್ದವರ ಸುತ್ತ ಮುತ್ತಿಕೊಂಡರೆ ಹಿಂದಿನಿಂದ ಬಂದ ಗಾಡಿ ಇಡೀ ಗುಂಪಿಗೆ ಬಡಿಯುತ್ತದೆ. ಇಬ್ಬರು ಗಾಡಿ ಬರುವ ದಿಕ್ಕಿಗೆ ನೂರು ಹೆಜ್ಜೆ ಓಡಿ, ರಸ್ತೆಯ ಅಂಚಲ್ಲಿ ನಿಂತು ದೀಪ ಬೀಸಲಿ. ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕುತ್ತಿಗೆ ಬೆನ್ನು ಅಲುಗಿದರೆ ಇನ್ನೂ ಕೆಡುತ್ತದೆ. ಬಾಯಿಗೆ ನೀರು ಹಾಕಬೇಡಿ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆ ಮಡಿಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನೋಡೋಣ ಅಂತ ನಡುನಡುವೆ ತೆಗೆಯಬೇಡಿ.

ಆಸ್ಪತ್ರೆಯ ಖರ್ಚಿಗೆ ಹೆದರಿ ತಡ ಮಾಡಬೇಡಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಇದೆ, ಯೋಜನೆಗೆ ಸೇರಿದ ಆಸ್ಪತ್ರೆ ಯಾವುದು ಅಂತ 112ರವರನ್ನೇ ಕೇಳಿ. ಗುದ್ದಿದ ಗಾಡಿ ಸಿಗದೇ ಹೋದರೂ ಪರಿಹಾರ ಇದೆ: ಜೀವ ಹೋದರೆ 2 ಲಕ್ಷ, ದೊಡ್ಡ ಗಾಯಕ್ಕೆ 50 ಸಾವಿರ. ಅದಕ್ಕೆ ಪೊಲೀಸರಲ್ಲಿ ದೂರು ದಾಖಲಾಗಿರಬೇಕು, ಹಾಗಾಗಿ ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ.

ಮರಾಠಿ ಬರದಿದ್ದರೆ ಪರವಾಗಿಲ್ಲ. ನಮ್ಮ ಭಾಗದಲ್ಲಿ ಡಾಬಾ, ಪಂಪ್, ಟೋಲ್‌ನಾಕಾ ಎಲ್ಲಿ ನೋಡಿದರೂ ಕನ್ನಡ ಬಲ್ಲವರು ಒಬ್ಬರಾದರೂ ಸಿಗುತ್ತಾರೆ, ಅವರ ಕೈಗೆ ಫೋನ್ ಕೊಡಿ. ಯಾವ ಜಾಗ ಅಂತ ಹೇಳಲು ಬಾರದೆ ಆಂಬುಲೆನ್ಸ್ ತಡವಾಗುವುದೇ ಜಾಸ್ತಿ. ಅದಕ್ಕೇ ನಡೆಯುವಾಗ ಗುಂಪಿನಲ್ಲಿ ಒಬ್ಬರಿಗೆ ಇದೇ ಕೆಲಸ ಕೊಡಿ: ದಾಟಿದ ಕಿಲೋಮೀಟರ್ ಕಲ್ಲಿನ ನಂಬರ್ ಮತ್ತು ಹಿಂದಿನ ಊರಿನ ಹೆಸರು ನೆನಪಿಟ್ಟುಕೊಳ್ಳುವುದು. "ತಾಮಲವಾಡಿ ದಾಟಿ ಎರಡು ಕಿಲೋಮೀಟರ್, ತುಳಜಾಪುರ ಕಡೆಗೆ ಹೋಗುವ ಬದಿ" ಅಂದರೆ ಸಾಕು, ಅದು ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಪ್ರತಿಯೊಬ್ಬರ ಜೇಬಿನಲ್ಲೂ ಹೆಸರು, ಊರು, ಮನೆಯವರ ಫೋನ್ ನಂಬರ್, ತೆಗೆದುಕೊಳ್ಳುವ ಮಾತ್ರೆಯ ಹೆಸರು ಬರೆದ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ಮೊಬೈಲಿನಲ್ಲಿ ಇದೆ ಅನ್ನಬೇಡಿ, ಲಾಕ್ ಆದ ಮೊಬೈಲ್ ಯಾರಿಗೂ ತೆರೆಯುವುದಿಲ್ಲ.